ಹುಣಸೆಹುಳಿ ಹಚ್ಚಿದ ರಿವಾಲ್ವರ್

ಗಲ್ಫಿನ ಅರಾದ್‌ನಲ್ಲಿರುವ ಕನ್ನಡಿಗರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಒಂದು ಶುಕ್ರವಾರ ಬೆಳಿಗ್ಗೆ ನೆಲ್ಲಿ ಬಾಯಿಯ ಅಡುಗೆಮನೆಯಲ್ಲಿ ಹುಣಸೆಹುಳಿ ಮುಗಿದುಹೋದ ಘಟನೆಗೆ ಇಡೀ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಊರಿನಿಂದ ಬರುವಾಗ ರೇಷ್ಮೆ ಸೀರೆಗಿಂತ ಜೋಪಾನವಾಗಿ ಸುತ್ತಿ ತಂದ ಹುಳಿ ಅದು. ಕ್ರಿಸ್ಮಸ್‌ವರೆಗೆ ಬರಬೇಕಿತ್ತು.

"ಅಷ್ಟೂ ಎಲ್ಲಿ ಹೋಯ್ತು ಮಾರಾಯ್ತಿ? ಈ ವಾರ ಮೀನುಸಾರು ಆದದ್ದೇ ಒಂದು ಸಲ," ಎಂದು ಗಂಡ ಕ್ಲೆಮೆಂಟ್ ಖಾಲಿ ಭರಣಿಯೊಳಗೆ ಇಣುಕಿದರು.

ನೆಲ್ಲಿ ಬಾಯಿ ಗಲ್ಲವೆತ್ತಿ ಊಟದ ಮೇಜನ್ನು ತೋರಿಸಿದರು. ಬಿಳಿ ಟವೆಲಿನ ಮೇಲೆ ಸುಲೈಮಾನ್ ಬಾಬಾರ ರಿವಾಲ್ವರ್ ಮಲಗಿತ್ತು. ಹಿಂದಿನ ಸಂಜೆ ಅವರು ತಂದಿಟ್ಟು ಹೋದಾಗ ಅದು ಕಂದು ಬಣ್ಣದ, ಮುದಿ ಓತಿಕ್ಯಾತದಂಥ ವಸ್ತು. ಈಗ ಮದುವೆಗೆ ಉಡುಗೊರೆ ಬಂದ ಚಮಚದ ಹಾಗೆ ಹೊಳೆಯುತ್ತಿತ್ತು.

ಸುಲೈಮಾನ್ ಆ ಕಟ್ಟಡದ ಮಾಲೀಕರು, ಕೆಳಮನೆಯಲ್ಲೇ ವಾಸ. ರಿವಾಲ್ವರ್ ಅವರ ತಂದೆಯದು. ಆ ಮನುಷ್ಯ ಹಾಯಿಹಡಗಿನಲ್ಲಿ ಬಸ್ರಾ, ಬೊಂಬಾಯಿ ಎಂದು ಸುತ್ತಿದವರು. ಯಾವ ಬಂದರಿನಲ್ಲಿ ಯಾರ ಕೈಯಿಂದ ಪಡೆದರೋ ಹೇಳದೆ ಹೋದರು. ತೋಟೆಗಳ ಕಾಲಕ್ಕೂ ಹಿಂದಿನ ಮಾಲು. ಸುತ್ತುವ ಸಿಲಿಂಡರಿನ ಆರೂ ಗೂಡುಗಳಿಗೆ ಕರಿಮದ್ದು ತುಂಬಿ, ಗುಂಡು ಒತ್ತಿ, ಹಿಂಬದಿಗೆ ಕಿಡಿ ಹಾರಿಸುವ ಕೇಪು ಸಿಕ್ಕಿಸಬೇಕು. ಕೇಪಿನ ತೂತುಗಳಿಗೆ ಎಂದೋ ಬೆಸುಗೆ ಹಾಕಿಸಿ, ಪೊಲೀಸರಿಂದ ಕಾಗದವನ್ನೂ ಮಾಡಿಸಿದ್ದರಿಂದ, ಕಾಲಿನ ಮೇಲೆ ಬೀಳುವುದನ್ನು ಬಿಟ್ಟರೆ ಅದರಿಂದ ಬೇರೆ ಅಪಾಯವಿರಲಿಲ್ಲ.

ಬಾಬಾರಿಗೆ ಒಂದು ಮೀನಿನ ದೋಣಿ ಇತ್ತು. ಅದರ ಎಂಜಿನ್ ಸತ್ತ ಮೇಲೆ ಅವರು ದಿನವಿಡೀ ಮನೆಯಲ್ಲೇ ಕುಳಿತು ಹೆಂಡತಿಯ ಅಡುಗೆಗೆ ಸಲಹೆ ಕೊಡತೊಡಗಿದ್ದರು. ಎರಡೂ ಕಡೆಯವರ ನೆಮ್ಮದಿಗಾಗಿ ರಿವಾಲ್ವರ್ ಮಾರಿ ಹೊಸ ಎಂಜಿನ್ ಹಾಕಿಸುವುದೆಂದು ತೀರ್ಮಾನವಾಯಿತು. ಗಿರಾಕಿಯನ್ನು ಹುಡುಕಿದವರು ಕ್ಲೆಮೆಂಟ್: ರಿಫಾದಲ್ಲಿರುವ ಶ್ಯಾಮಸುಂದರ. ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮನೆಯ ತುಂಬ ಹಳೆಯ ಕತ್ತಿ, ನಿಂತುಹೋದ ಗಡಿಯಾರ. ಫೋನಿನಲ್ಲಿ ಚಿತ್ರ ನೋಡಿದವರೇ, "ಇದ್ದಂಗೇ ಇದ್ರೆ ನಾನೂರು ದಿನಾರ್," ಎಂದಿದ್ದರು.

ಆ "ಇದ್ದಂಗೇ" ಎಂಬ ಮಾತನ್ನು ಕ್ಲೆಮೆಂಟ್ ಮನೆಯಲ್ಲಿ ಹೇಳಲು ಮರೆತರು.

"ಹೆಣ್ಣು ನೋಡ್ಲಿಕ್ಕೆ ಬರುವಾಗ ತಲೆ ಬಾಚದೆ ಕೂರಿಸ್ತಾರಾ?" ಎನ್ನುವುದು ನೆಲ್ಲಿ ಬಾಯಿಯ ವಾದ. ಬೆಳ್ಮಣ್ಣಿನ ಅವರ ತವರಿನಲ್ಲಿ ತೆನೆಹಬ್ಬದ ಮುಂಚೆ ಶಿಲುಬೆಯಿಂದ ಹಿಡಿದು ಪೀಕದಾನಿಯವರೆಗೆ ಎಲ್ಲ ಹಿತ್ತಾಳೆಗೂ ಹುಣಸೆಹುಳಿಯ ಸ್ನಾನ ಆಗುತ್ತಿತ್ತು. ರಿವಾಲ್ವರಿನಲ್ಲಿ ಬೆರಳಿಟ್ಟು ಎಳೆಯುವ ಕುದುರೆಯ ಸುತ್ತಲಿನ ಬಳೆ ಹಿತ್ತಾಳೆಯದು. ಅದನ್ನು ಉಜ್ಜಿದರು, ಬಂಗಾರವಾಯಿತು. ಪಕ್ಕದ ಕಬ್ಬಿಣ ಬಡವರ ಮನೆಯ ನೆಂಟನ ಹಾಗೆ ಕಂಡಿತು. ಅರ್ಧ ಬೆಳಗಿ ಬಿಡುವ ಹೆಂಗಸಲ್ಲ ಅವರು.

ಇಷ್ಟು ಶ್ರದ್ಧೆಗೆ ಕಾರಣವಿತ್ತು. ಹಿಂದಿನ ವರ್ಷ ಅಮ್ಮ ಕೊನೆಯುಸಿರಿನಲ್ಲಿದ್ದಾರೆಂದು ಫೋನ್ ಬಂದಾಗ ನೆಲ್ಲಿ ಬಾಯಿಯ ಪಾಸ್‌ಪೋರ್ಟು ಯಾವುದೋ ಕಚೇರಿಯ ಕಪಾಟಿನಲ್ಲಿತ್ತು. ಬಾಬಾ ಊರುಗೋಲು ಹಿಡಿದು ಆ ಕಚೇರಿಗೆ ಹೋಗಿ, ಪಾಸ್‌ಪೋರ್ಟು ಕೈಗೆ ಬರುವವರೆಗೆ ಕುರ್ಚಿ ಬಿಟ್ಟೇಳಲಿಲ್ಲ. ಮಗಳ ಕೈಯಿಂದ ನೀರು ಕುಡಿದೇ ಅಮ್ಮ ಕಣ್ಣು ಮುಚ್ಚಿದರು. ಅದಕ್ಕೆ ಏನು ಕೊಟ್ಟು ತೀರಿಸುವುದು? ಬಾಬಾ ಕೋರಿರೊಟ್ಟಿ ಸಹ ತಿನ್ನುವುದಿಲ್ಲ, ಖಾರ ಆಗದು.

"ಚೆಂದ ಆಗಿದೆ," ಎಂದರು ಕ್ಲೆಮೆಂಟ್, ಹುಳಿಯ ಶೋಕ ಮರೆತು. "ನಾನೂರಲ್ಲ, ಐನೂರು ಕೇಳುವ."

ಹನ್ನೊಂದರ ಹೊತ್ತಿಗೆ ಶ್ಯಾಮಸುಂದರ ಬಂದರು. ಮೇಜಿನತ್ತ ನೋಡಿದವರು ಸಾವಿನ ಮನೆಗೆ ಬಂದವರ ಹಾಗೆ ನಿಂತುಬಿಟ್ಟರು.

"ಯಾರ್ರೀ ಇದನ್ನ ತೊಳೆದಿದ್ದು?"

"ನಾನೇ," ಎಂದರು ನೆಲ್ಲಿ ಬಾಯಿ, ಹೊಗಳಿಕೆಗೆ ಸಿದ್ಧರಾಗಿ. "ಹುಣಸೆಹುಳಿಯಲ್ಲಿ. ಮತ್ತೆ ತೆಂಗಿನೆಣ್ಣೆ ಸಹ ಹಚ್ಚಿದ್ದೇನೆ."

"ಒಗ್ಗರಣೆ ಒಂದು ಬಾಕಿ ನೋಡಿ."

ಅವರು ಕುಳಿತು ಭೂತಗನ್ನಡಿ ತೆಗೆದರು. ಕೇಪಿಗೆ ಬಡಿಯುವ ಸುತ್ತಿಗೆಯನ್ನು ಮೆಲ್ಲಗೆ ಹಿಂದಕ್ಕೆಳೆದರು. ಸಿಲಿಂಡರ್ ತಿರುಗಿ ಟಕ್ಕೆಂದು ಕೂತಿತು. ಬೆರಳಲ್ಲಿ ಅಲುಗಿಸಿ ನೋಡಿದರು, ಹಲ್ಲಿನಷ್ಟು ಭದ್ರ. ನಳಿಗೆಯೊಳಗೆ ಟಾರ್ಚ್ ಬಿಟ್ಟರೆ ತುಕ್ಕು ತಿಂದ ಗುಳಿಗಳು, ಆದರೆ ಆಳವಿಲ್ಲ. ನಳಿಗೆ, ಹಿಡಿ, ಸಿಲಿಂಡರ್ ಮೂರರಲ್ಲೂ ಒಂದೇ ನಂಬರು. ಯಾವ ಭಾಗವೂ ಬೇರೆ ಬಂದೂಕಿನದಲ್ಲ. ಒಂದೊಂದಕ್ಕೂ "ಹ್ಞೂಂ, ಚೆನ್ನಾಗಿದೆ," ಎನ್ನುತ್ತ, ಕೊನೆಗೆ ನಿಟ್ಟುಸಿರಿಟ್ಟರು.

"ನೆಲ್ಲಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ಆ ಕಂದು ಬಣ್ಣ ಇತ್ತಲ್ಲ, ಅದು ಕೊಳೆ ಅಲ್ಲ. ನೂರೈವತ್ತು ವರ್ಷಕ್ಕೆ ಕಬ್ಬಿಣಕ್ಕೆ ಬಂದ ಚರ್ಮ. ನಮ್ಮಂಥ ಹುಚ್ಚರು ದುಡ್ಡು ಕೊಡೋದೇ ಅದಕ್ಕೆ."

"ಪುನಃ ತುಕ್ಕು ಹಿಡಿಸಿದ್ರೆ? ಇಲ್ಲಿ ಬಾಲ್ಕನಿಯಲ್ಲಿಟ್ಟರೆ ಸಾಕು, ಒಂದು ವಾರ."

"ತುಕ್ಕು ಬರತ್ತೆ. ವಯಸ್ಸು ಬರಲ್ಲ."

"ಹಾಗಾದ್ರೆ ಎಷ್ಟು?" ಎಂದರು ಕ್ಲೆಮೆಂಟ್. ಐನೂರರ ಮಾತು ಅವರ ಬಾಯಲ್ಲಿ ಒಣಗಿತ್ತು.

"ಇನ್ನೂರ ಇಪ್ಪತ್ತು. ಜಾಸ್ತಿ ಕೊಟ್ರೆ ಅದು ಕೆಳಗಿನ ಹಿರಿಯರಿಗೆ ದಾನ ಮಾಡಿದಂಗೆ, ಅವರು ತಗೊಳಲ್ಲ. ಕಮ್ಮಿ ಕೊಟ್ರೆ ಮೋಸ."

ಕ್ಲೆಮೆಂಟ್ ಹೆಂಡತಿಯತ್ತ ತಿರುಗಿದರು. "ಎಂತ ಹೇಳುವ ಬಾಬಾರಿಗೆ? ಸ್ವಲ್ಪ ತಿರುಗಿಸಿ..."

"ನೀವು ಸುಮ್ಮನಿರಿ. ತೊಳೆದವಳು ನಾನು," ಎಂದು ನೆಲ್ಲಿ ಬಾಯಿ ತಾವೇ ಕೆಳಗೆ ಹೋಗಿ ಅವರನ್ನು ಕರೆತಂದರು.

ಬಾಬಾ ಕೂತ ಮೇಲೆ ಹರಕು ಹಿಂದಿಯಲ್ಲಿ ಎಲ್ಲವನ್ನೂ ಒಪ್ಪಿಸಿದರು: "ಬಾಬಾ, ನಿಮ್ಮ ಎಂಜಿನ್ ಅರ್ಧ ನಾನು ತೊಳೆದುಬಿಟ್ಟೆ. ಒಳ್ಳೆಯದಾಗಲಿ ಅಂತ ಮಾಡಿದ್ದು." ಸೆರಗು ಕಣ್ಣಿಗೆ ಹೋಯಿತು.

ಸುಲೈಮಾನ್ ರಿವಾಲ್ವರ್ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಸಿಲಿಂಡರಿನ ಮೈಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು.

"ಇದೇನು, ಇಲ್ಲಿ?"

"ಓ, ಅದನ್ನೇ ಹೇಳೋಣಾಂತಿದ್ದೆ," ಎಂದು ಶ್ಯಾಮಸುಂದರ ಹಿಂದಿಗೆ ಹೊರಳಿ, ಭೂತಗನ್ನಡಿಯನ್ನು ಅವರ ಕೈಗಿತ್ತರು. "ಹಡಗುಗಳು. ಈ ಮಾದರಿಗೆ ಸಿಲಿಂಡರ್ ಸುತ್ತ ಸಮುದ್ರದ ಯುದ್ಧದ ಚಿತ್ರ ಕೊರೆಯುತ್ತಿದ್ದರು. ತುಕ್ಕಿನ ಕೆಳಗೆ ಮುಚ್ಚಿಹೋಗಿತ್ತು. ಒಂದು ಪಕ್ಕ ಉಳಿದಿದೆ, ಮೂರು ಹಡಗು."

ಮುದುಕರು ಬಹಳ ಹೊತ್ತು ನೋಡಿದರು.

"ಅಪ್ಪ ನನ್ನ ಹೆಬ್ಬೆರಳು ಹಿಡಿದು ಇಲ್ಲಿಟ್ಟು, ಹಡಗು ಸಿಕ್ಕಿತಾ, ಹಡಗು ಸಿಕ್ಕಿತಾ ಅಂತ ಕೇಳುತ್ತಿದ್ದರು. ನನಗೆ ಸಿಕ್ಕಿದ್ದು ಬರೀ ತುಕ್ಕು. ಮಕ್ಕಳನ್ನು ಮಲಗಿಸೋಕೆ ಹೇಳುವ ಸುಳ್ಳು ಅಂದುಕೊಂಡಿದ್ದೆ. ನನ್ನ ಇಬ್ರಾಹಿಂಗೂ ಹಾಗೇ ಹೇಳಿದ್ದೇನೆ, ನಿನ್ನ ಅಜ್ಜ ಸುಳ್ಳುಗಾರ ಅಂತ." ನಕ್ಕರು; ನಗು ಅರ್ಧದಲ್ಲಿ ಒದ್ದೆಯಾಯಿತು. "ಬಿಂತಿ, ಮಗಳೇ, ನೀನು ನನ್ನ ಅಪ್ಪನ ಮಾತು ಉಳಿಸಿದೆ. ಅಳುವುದು ಯಾಕೆ?"

"ಹಾಗಾದ್ರೆ ಮಾರುವುದು ಬೇಡ ಬಾಬಾ," ಎಂದರು ನೆಲ್ಲಿ ಬಾಯಿ, ಮೂಗೊರೆಸಿಕೊಂಡು.

"ಯಾಕೆ ಬೇಡ? ನೋಡಬೇಕಾದ್ದು ನೋಡಿಯಾಯಿತು. ಹಡಗಿನ ಚಿತ್ರ ಇಟ್ಟುಕೊಂಡು ಮನೆಯಲ್ಲಿ ಕೂತರೆ ಅಪ್ಪನೇ ಬೈಯುತ್ತಾರೆ." ಫೋನ್ ತೆಗೆದು ಮೂರು ಹಡಗುಗಳ ಫೋಟೋ ಹಿಡಿದು, ಮಗ ಇಬ್ರಾಹಿಂಗೆ ಕಳಿಸಿದರು. ಆಮೇಲೆ ರಿವಾಲ್ವರನ್ನು ಟವೆಲಿನಲ್ಲಿ ಸುತ್ತಿ ಶ್ಯಾಮಸುಂದರರ ಮುಂದೆ ಸರಿಸಿದರು. "ಇನ್ನೂರ ಇಪ್ಪತ್ತು ಅಂದಿರಂತೆ. ಸರಿಯಾದ ಬೆಲೆ."

"ಹೊಸ ಎಂಜಿನಿಗೆ ಅದು ಸಾಲದಲ್ಲ," ಎಂದು ಶ್ಯಾಮಸುಂದರ ಹಿಂಜರಿದರು.

"ಹಳೆಯದು ಸಾಕು. ಹಳೆಯದನ್ನು ಮಾರಿದವನು ಹಳೆಯದನ್ನೇ ಕೊಳ್ಳಲಿ."

"ಸಿತ್ರಾದ ಕಾರ್ಖಾನೆಯಲ್ಲಿ ನಾನು ದಿನಾ ನೋಡುವುದು ಪಂಪು, ಎಂಜಿನ್ನೇ ಬಾಬಾ," ಎಂದರು ಕ್ಲೆಮೆಂಟ್. "ಕೊಳ್ಳುವಾಗ ನಾನು ಬರ್ತೇನೆ. ಬಿಚ್ಚಿ ನೋಡದೆ ಯಾವುದನ್ನೂ ತಕ್ಕೊಳ್ಳಬೇಡಿ."

"ತೊಳೆದು ಕೊಟ್ಟದ್ದನ್ನಂತೂ ಬೇಡವೇ ಬೇಡ," ಎಂದರು ಶ್ಯಾಮಸುಂದರ.

ನೆಲ್ಲಿ ಬಾಯಿ ಅತ್ತು ಮುಗಿಸುವ ಮೊದಲೇ ನಕ್ಕುಬಿಟ್ಟರು. ಆ ಮಧ್ಯಾಹ್ನ ನಾಲ್ವರೂ ಅಲ್ಲೇ ಊಟ ಮಾಡಿದರು. ಮೀನುಸಾರಿಗೆ ಹುಳಿ ಇರಲಿಲ್ಲ, ಬಾಬಾರಿಗೋಸ್ಕರ ಖಾರವೂ ಇರಲಿಲ್ಲ. ಬಾಬಾ ಎರಡು ಸಲ ಬಡಿಸಿಕೊಂಡರು.

ಮರುವಾರ ಸೆಕೆಂಡ್ ಹ್ಯಾಂಡ್ ಎಂಜಿನ್ ಬಂತು. ದೋಣಿ ಈಗ ಸಮುದ್ರಕ್ಕೆ ಹೋಗುತ್ತಿದೆ.