ಮನೆಗೊಂದು ಇರಲಿ

ಊರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಇರಲಿಲ್ಲ. ಸಿಲಿಂಡರುಗಳು ಬೇಕಾದಷ್ಟಿದ್ದವು, ಎಲ್ಲವೂ ಖಾಲಿ. ತುಂಬಿಸಿ ತರಬೇಕಾದ ಲಾರಿ ಬರುತ್ತಿರಲಿಲ್ಲ. ವಾರ್ಡಿನ ಸಿಸ್ಟರ್ ಒಬ್ಬರು ಇಷ್ಟನ್ನು ಹೇಳಿ, ಕೊನೆಗೆ ಮಾತು ಬರದೆ ಉಸಿರು ಮಾತ್ರ ಕೇಳುವ ವಾಯ್ಸ್ ಮೆಸೇಜ್ ಒಂದನ್ನು ಕಳಿಸಿದರು. ಅದು ಸಮುದ್ರ ದಾಟಿ ಬಂದು, ಇಲ್ಲಿ ನೆಲೆಸಿದ್ದ ಆ ಊರಿನವರ ಫೋನುಗಳಲ್ಲೆಲ್ಲ ಸುತ್ತಾಡಿತು. ಊರಿನವರೆಂದರೆ ಮೂವತ್ತು ನಲವತ್ತು ಮನೆ. ಟ್ಯಾಕ್ಸಿ ಓಡಿಸುವವರು, ಬೇಕರಿಯಲ್ಲಿ ಹಿಟ್ಟು ನಾದುವವರು, ಬೇರೆಯವರ ಮುದುಕರನ್ನು ನೋಡಿಕೊಳ್ಳುವವರು, ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವವರು.

ದುಡ್ಡು ಎತ್ತಿದ್ದು ಮೀಟರ್ ಮಾವ. ಟ್ಯಾಕ್ಸಿ ಡ್ರೈವರ್, ಸಂಘದ ಅಧ್ಯಕ್ಷರು. ಮಾತು ಶುರು ಮಾಡಿದರೆ ಮೀಟರ್ ನಿಲ್ಲುವುದಿಲ್ಲವೆಂದು ಆ ಹೆಸರು. ಇಲ್ಲೂ ರೋಗ ಇದ್ದುದರಿಂದ ಯಾರೂ ಯಾರ ಮನೆಯೊಳಗೂ ಕಾಲಿಡುವಂತಿರಲಿಲ್ಲ. ಮಾವ ಪೇಂಟಿನ ಖಾಲಿ ಬಕೆಟ್ಟನ್ನು ಟ್ಯಾಕ್ಸಿಯ ತಲೆಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿದರು. ಕೆಳಗೆ ನಿಂತು ಹಾರ್ನ್ ಹೊಡೆದರೆ ಜನ ಬಾಲ್ಕನಿಯಿಂದ ದಾರಕ್ಕೆ ಕವರ್ ಕಟ್ಟಿ ಇಳಿಬಿಡುತ್ತಿದ್ದರು.

"ಸ್ವಲ್ಪ ಭಾರ ಹಾಕಮ್ಮ! ನಿನ್ನ ಕವರು ಗಾಳಿಗೆ ಹಾರ್ತಿದೆ!"

"ಮೊದಲು ನಿಮ್ಮ ಹಾರ್ನ್ ನಿಲ್ಲಿಸಿ ಮಾವ, ಮಗು ಎದ್ದರೆ ಅದನ್ನೂ ದಾರಕ್ಕೆ ಕಟ್ಟಿ ಇಳಿಸ್ತೀನಿ!"

ಆ ದುಡ್ಡಿಗೆ ಹನ್ನೆರಡು ಯಂತ್ರಗಳು ಬಂದವು. ಪ್ಲಗ್ಗಿಗೆ ಸಿಕ್ಕಿಸಿದರೆ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಎಳೆದು ಕೊಳವೆಯಲ್ಲಿ ಬಿಡುವಂಥವು. ಪ್ಯಾಕ್ ಮಾಡುವ ಕೆಲಸ ಟೇಪಕ್ಕನ ಪಾಲಿಗೆ ಬಂತು. ವಿಮಾನದ ಸರಕು ಹೋಗುವ ಗೋದಾಮಿನಲ್ಲಿ ಅವಳದು ಅದೇ ಉದ್ಯೋಗ. ದಿನವಿಡೀ ಟೇಪು ಎಳೆದು ಹಲ್ಲಿನಲ್ಲೇ ಕತ್ತರಿಸುತ್ತಿದ್ದಳು. ಆಸ್ಪತ್ರೆಯ ಹೆಸರಿಗೆ ಕಳಿಸಿದರೆ ಕಾಗದಪತ್ರದ ಕಾಟ ಹೆಚ್ಚೆಂದು ಎಲ್ಲವನ್ನೂ ಅವಳ ತಮ್ಮನ ಹೆಸರಿಗೆ ಕಳಿಸುವುದೆಂದಾಯಿತು. ತಮ್ಮನಿಗೆ ಊರಿನಲ್ಲಿ ಗೂಡ್ಸ್ ಆಟೋ ಇತ್ತು. ಇಳಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸುವುದು ಅವನ ಕೆಲಸ.

ಕೊನೆಯ ಪೆಟ್ಟಿಗೆಗೆ ಟೇಪು ಸುತ್ತಿದ ಮೇಲೆ ಅವಳು ತಮ್ಮನಿಗೆ ಫೋನ್ ಮಾಡಿದಳು.

"ಅಮ್ಮನ ಕೆಮ್ಮು ಹೇಗಿದೆ?"

"ಇದೆ. ರಾತ್ರಿ ಜಾಸ್ತಿ."

"ಒಂದು ಯಂತ್ರ ಮನೇಲಿ ಇಟ್ಕೋ."

ತಮ್ಮ ತಡೆದ. "ಅಕ್ಕ, ಅದು ಆಸ್ಪತ್ರೇದು."

"ಇಟ್ಕೋ ಅಂದೆ, ನುಂಗು ಅಂದ್ನಾ? ಅಮ್ಮ ಹುಷಾರಾದ ಮೇಲೆ ಕೊಟ್ಟರಾಯ್ತು."

ಹನ್ನೆರಡರಲ್ಲಿ ಒಂದು ಎಂದುಕೊಂಡಳು. ಅಮ್ಮನೂ ಆ ಊರಿನವಳೇ ತಾನೇ ಎಂದೂ ಅಂದುಕೊಂಡಳು. ಎರಡೂ ನಿಜವೇ ಆಗಿದ್ದವು.

ಮಾರನೆಯ ದಿನ ಬೇಕರಿಯವನು ಫೋನ್ ಮಾಡಿದ. ದನಿ ತಗ್ಗಿಸಿಯೇ ಶುರು ಮಾಡಿದ. "ಟೇಪಕ್ಕ, ಒಂದು ಮಾತು. ಯಾರ ಕಿವಿಗೂ ಬೀಳಬಾರದು. ಊರಲ್ಲಿರೋ ನಮ್ಮ ಮಾವನವರಿಗೆ, ಹೆಂಡತಿಯ ಅಪ್ಪನಿಗೆ, ಹಾರ್ಟ್ ವೀಕು. ಒಂದು ಯಂತ್ರ ಅವರ ಮನೇಲಿರಲಿ, ನಿಮ್ಮ ತಮ್ಮನಿಗೆ ಹೇಳ್ತೀರಾ?"

ಆಗುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಯಾವ ಮುಖ ಹೊತ್ತು ಹೇಳುವುದು? "ಹೇಳ್ತೀನಿ ಅಣ್ಣ" ಎಂದಳು. ಆಮೇಲೆ ಇನ್ನಿಬ್ಬರು ಕೇಳಿದರು. ಒಬ್ಬರಿಗೊಬ್ಬರು ಗೊತ್ತಿಲ್ಲ. ತಾನೊಬ್ಬನೇ ಕೇಳುತ್ತಿದ್ದೇನೆ ಎಂದು ಪ್ರತಿಯೊಬ್ಬರಿಗೂ ನಾಚಿಕೆ. ಕೊನೆಗೆ ಮೀಟರ್ ಮಾವನ ಫೋನ್ ಬಂತು. ಆವತ್ತು ಅವರ ಮಾತು ಎರಡೇ ವಾಕ್ಯದಲ್ಲಿ ಮುಗಿಯಿತು. "ನಮ್ಮಣ್ಣನ ಮನೆಗೊಂದು ಇರಲಮ್ಮ. ಅಧ್ಯಕ್ಷ ಅಂತ ಕೇಳ್ತಿಲ್ಲ."

ಆಸ್ಪತ್ರೆಗೆ ಏಳು ಹೋದವು.

ಸಿಸ್ಟರ್ ಫೋಟೋ ಹಾಕಿ ಊರಿನವರ ವಾಟ್ಸಾಪ್ ಗುಂಪಿಗೆ ಬರೆದರು. "ಏಳು ಯಂತ್ರ ಬಂದಿವೆ. ನಿಮ್ಮ ಉಪಕಾರ ಮರೆಯೋದಿಲ್ಲ." ಮುದುಕರನ್ನು ನೋಡಿಕೊಳ್ಳುವ ಕೆಲಸದ ಹೆಂಗಸೊಬ್ಬಳು ಕೇಳಿಯೇ ಬಿಟ್ಟಳು. "ಹನ್ನೆರಡಲ್ವಾ?" ಆಮೇಲೆ ಮಾವ ಬರೆದರು. "ಉಳಿದದ್ದು ದಾರಿಯಲ್ಲಿದೆ." ತಕ್ಷಣ ಅದರ ಕೆಳಗೆ ಮೂರು ಹೆಬ್ಬೆರಳು ಬಿದ್ದವು. ಬೇಕರಿಯವನದು ಮೊದಲನೆಯದು. ಟೇಪಕ್ಕ ನಾಲ್ಕನೆಯದನ್ನು ಒತ್ತಿದಳು. ಒತ್ತಿದ ಮೇಲೆ ಬೆರಳನ್ನು ಅಂಗಿಗೆ ಒರೆಸಿಕೊಂಡಳು.

ಅಮ್ಮನ ಕೆಮ್ಮು ಬರೀ ಕೆಮ್ಮಾಗಿತ್ತು. ವಾರದೊಳಗೆ ಇಳಿಯಿತು. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಮೀಟರ್ ತೊಂಬತ್ತಾರು ತೋರಿಸುತ್ತಿತ್ತು. ಊರಿನಲ್ಲಿ ಅವರದು ಅಂಗಡಿಯೊಂದರ ಮೇಲಿನ ಬಾಡಿಗೆ ಮನೆ, ಎರಡೇ ಕೋಣೆ. ಯಂತ್ರ ಅಮ್ಮನ ಮಂಚದ ಪಕ್ಕದಲ್ಲಿತ್ತು. ಧೂಳು ಕೂರದಿರಲೆಂದು ಹಳೆ ದುಪ್ಪಟಿ ಹೊದಿಸಿದ್ದರು. ಕೊಟ್ಟು ಬಾ ಎನ್ನಬೇಕೆಂದು ಟೇಪಕ್ಕ ದಿನಾ ಅಂದುಕೊಳ್ಳುತ್ತಿದ್ದಳು. ದಿನಾ ಯಾರದೋ ಸಾವಿನ ಸುದ್ದಿ ಬರುತ್ತಿತ್ತು. ಇನ್ನೆರಡು ದಿನ ಇರಲಿ ಎಂದುಕೊಳ್ಳುತ್ತಿದ್ದಳು.

ತಮ್ಮ ಫೋನ್ ಮಾಡಿದಾಗ ಅವಳು ಕೆಲಸದಲ್ಲಿದ್ದಳು. ಊರಿನಲ್ಲಿ ಆಗ ಸಂಜೆ. ಕೆಲಸದ ಜಾಗದಲ್ಲಿ ಫೋನ್ ಮುಟ್ಟುವಂತಿರಲಿಲ್ಲ. ಹೊಟ್ಟೆ ಹಿಡಿದುಕೊಂಡವಳಂತೆ ನಡೆದು ಟಾಯ್ಲೆಟ್ಟಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಅಕ್ಕ, ನಮ್ಮ ಓಣಿ ಇಸ್ತ್ರಿಯವನ ಹೆಂಡತೀನ ಅಡ್ಮಿಟ್ ಮಾಡಿದಾರೆ. ಏಳೂ ಯಂತ್ರ ಬೇರೆಯವರಿಗೆ ಹಾಕಿಬಿಟ್ಟಿದಾರಂತೆ. ಸಿಸ್ಟರ್ ಕೇಳ್ತಿದಾರೆ, ದಾರೀಲಿದ್ದದ್ದು ಎಲ್ಲಿಗೆ ಬಂತು ಅಂತ. ಗಾಡಿ ಬಾಗಿಲಲ್ಲೇ ಇದೆ. ಒಯ್ಯಲಾ?"

ಹಿಂದಿನಿಂದ ಅಮ್ಮನ ದನಿ ಕೇಳಿತು. "ಒಯ್ಯಿ ಅಂತ ಹೇಳೇ. ಪಾಪ, ನನ್ನ ಸೀರೆ ಇಸ್ತ್ರಿ ಮಾಡಿಕೊಡೋಳು ಅವಳೇ."

"ಇವತ್ತು ಅಮ್ಮನ ಮೀಟರ್ ಎಷ್ಟು?" ಎಂದಳು ಟೇಪಕ್ಕ.

"ತೊಂಬತ್ನಾಲ್ಕು."

"ನಿನ್ನೆ ತೊಂಬತ್ತಾರಿತ್ತು."

"ಬೆರಳು ತಣ್ಣಗಿತ್ತು ಅಕ್ಕ. ಅದು ಹಂಗೆ ತೋರಿಸುತ್ತೆ."

"ನಿನಗೆ ಯಾವ ಡಾಕ್ಟರ್ ಹೇಳಿದ?"

ಹೊರಗಿನಿಂದ ಸೂಪರ್‌ವೈಸರ್ ಬಾಗಿಲು ಬಡಿದ. ಅವಳು ಅವಸರದಲ್ಲಿ, ಅವಸರವಿದ್ದುದು ಅನುಕೂಲವೇ ಆಯಿತೆಂಬಂತೆ, ಹೇಳಿದಳು. "ಇವತ್ತು ಬೇಡ. ಬೆಳಿಗ್ಗೆ ಇನ್ನೊಂದು ಸಲ ನೋಡು. ತೊಂಬತ್ತಾರು ಬಂದರೆ ಕೊಟ್ಟುಬಿಡು."

"ಅಕ್ಕ, ಬೆಳಿಗ್ಗೆ ಅಂದ್ರೆ..."

"ಒಂದು ರಾತ್ರಿ ತಾನೇ! ಅಮ್ಮನಿಗೇನಾದ್ರೂ ಆದ್ರೆ ಆಮೇಲೆ ಎಲ್ಲಿಂದ ತರ್ತೀಯಾ?"

ಅಮ್ಮ ಮತ್ತೆ ಏನಾದರೂ ಹೇಳುತ್ತಾಳೆಂದು ಅವಳು ಕಾದಳು. ಅಮ್ಮ ಹೇಳಲಿಲ್ಲ. ತಮ್ಮ ಫೋನ್ ಇಟ್ಟ. ಅವಳು ಹೋಗಿ ಪಾಳಿ ಮುಗಿಯುವವರೆಗೂ ಟೇಪು ಎಳೆದಳು. ಎರಡು ಪೆಟ್ಟಿಗೆಗೆ ಒಂದರ ಚೀಟಿ ಇನ್ನೊಂದಕ್ಕೆ ಅಂಟಿಸಿ ಬೈಸಿಕೊಂಡಳು.

ಬೆಳಿಗ್ಗೆ ಅಮ್ಮನ ಮೀಟರ್ ತೊಂಬತ್ತೇಳು ತೋರಿಸಿತು. ತಮ್ಮ ಯಂತ್ರವನ್ನು ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದ. ಇಸ್ತ್ರಿಯವನು ವರಾಂಡದಲ್ಲಿ ಗೋಡೆಗೊರಗಿ ಕೂತಿದ್ದ. ಹೆಂಡತಿ ಬೆಳಕು ಹರಿಯುವ ಹೊತ್ತಿಗೆ ತೀರಿಹೋಗಿದ್ದಳು. ತಮ್ಮ ಪೆಟ್ಟಿಗೆ ಹೊತ್ತು ಒಳಗೆ ಹೋಗುವುದನ್ನು ನೋಡಿ ಎದ್ದು ನಿಂತು ದಾರಿ ಬಿಟ್ಟನಂತೆ. ಬಾಗಿಲನ್ನೂ ಅವನೇ ಹಿಡಿದನಂತೆ.

"ಏನಾದ್ರೂ ಅಂದ್ನಾ?" ಎಂದು ಟೇಪಕ್ಕ ಕೇಳಿದಳು.

"ಈಗ ಬಂತಾ ಅಂದ. ಹೂಂ ಅಂದೆ. ದಾರೀಲಿ ತಡವಾಯ್ತಾ ಅಂದ. ಅದಕ್ಕೂ ಹೂಂ ಅಂದೆ. ಇನ್ನೊಂದು ಸಲ ನನ್ನ ಕೈಲಿ ಇಂಥ ಕೆಲಸ ಮಾಡಿಸ್ಬೇಡ."

ಅಮ್ಮ ಫೋನ್ ಇಸಿದುಕೊಂಡಳು. ಟೇಪಕ್ಕ ಬೈಗುಳಕ್ಕೆ ಸಿದ್ಧಳಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ನೀನು ಬೇಡ ಅಂದಾಗ ನಾನೂ ಬಾಯಿ ಮುಚ್ಕೊಂಡೆ ಕಣೆ" ಎಂದಳು ಅಮ್ಮ. "ನಂಗೂ ಹೆದರಿಕೆ ಇತ್ತು. ನಿನ್ನ ಮೇಲೆ ಹಾಕಿ ಮಲಗಿಬಿಟ್ಟೆ. ನಿದ್ದೆ ಕೂಡ ಬಂತು."

ಅವತ್ತು ಕೆಲಸಕ್ಕೆ ಹೋಗುವ ಮೊದಲು ಟೇಪಕ್ಕ ಮೀಟರ್ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಉಳಿದ ನಾಲ್ಕು ಯಂತ್ರ ಯಾರ್ಯಾರ ಮನೆಯಲ್ಲಿವೆಯೆಂದೂ ಒಂದೊಂದೇ ಹೇಳಿದಳು. ಅವರ ಅಣ್ಣನ ಮನೆಯ ಸರದಿ ಬಂದಾಗ ತಡೆದಳು. "ಅದನ್ನೂ ಹೇಳಮ್ಮ" ಎಂದರು ಮಾವ. ಅವಳು ಹೇಳಿದಳು.

"ನಾನು ಅಧ್ಯಕ್ಷ ಅಂತ ಬೇರೆ" ಎಂದರು ಮಾವ. ಅವರ ಟ್ಯಾಕ್ಸಿಯ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಮಧ್ಯಾಹ್ನದೊಳಗೆ ನಾಲ್ಕು ಮನೆಗಳಿಗೂ ಇಲ್ಲಿಂದ ಫೋನ್ ಹೋಯಿತು. ತಮ್ಮ ಗಾಡಿ ತೆಗೆದುಕೊಂಡು ಸುತ್ತಿದ. ಬೇಕರಿಯವನ ಮಾವನವರ ಮನೆಯಲ್ಲಿ ಯಂತ್ರ ಬೀರುವಿನ ಮೇಲಿತ್ತು. ಪೆಟ್ಟಿಗೆ ಒಡೆದಿರಲೇ ಇಲ್ಲ, ಟೇಪು ಹಾಗೆಯೇ ಇತ್ತು. ಗುಂಪಿನಲ್ಲಿ ಸಿಸ್ಟರ್ ಬರೆದರು. "ಉಳಿದ ಐದೂ ತಲುಪಿವೆ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ." ಅದಕ್ಕೆ ಯಾರೂ ಹೆಬ್ಬೆರಳು ಒತ್ತಲಿಲ್ಲ.

ಐದು ಯಂತ್ರ ಮನೆಗಳಲ್ಲಿದ್ದ ದಿನಗಳಲ್ಲಿ ವಾರ್ಡಿನಲ್ಲಿ ಎಷ್ಟು ಜನ ಹೋದರೆಂದು ಟೇಪಕ್ಕ ತಮ್ಮನನ್ನು ಕೇಳಿದಳು. ಅವನು ಬೇಡ ಅಕ್ಕ ಎಂದ. ಅವಳು ಬಿಡಲಿಲ್ಲ. ಅವನು ಸಿಸ್ಟರನ್ನು ಕೇಳಿ ಬಂದು ಹೇಳಿದ. ಹೋದವರು ಒಂಬತ್ತು ಜನ. ಐವರಿಗೆ ಯಂತ್ರ ಹಾಕಿದ್ದರು, ಉಳಿಯಲಿಲ್ಲ. ಯಂತ್ರ ಸಿಗದೆ ಹೋದವರು ಇಸ್ತ್ರಿಯವನ ಹೆಂಡತಿ, ಒಬ್ಬ ಬಸ್ ಕಂಡಕ್ಟರ್, ಒಬ್ಬ ಮುದುಕಿ, ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ನಾಲ್ಕು ಜನ.