ಕಂಪ್ಯೂಟರ್ ಕುದುರಿಸಿದ ಭತ್ತ

ಆವತ್ತು ಬೆಳಗ್ಗೆ ಮಳೆಯ ಸುಳಿವಿರಲಿಲ್ಲ; ಬರೀ ಆಷಾಢದ ಗಾಳಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಒಡತಿ ಕಸ್ತೂರಮ್ಮ ಹಣೆಗೆ ವಿಭೂತಿ ಇಟ್ಟು ಹೊರಬರುವಷ್ಟರಲ್ಲಿ ಅಂಗಳದ ತುಂಬ ಹೊಟ್ಟು ಹಾರಾಡುತ್ತಿತ್ತು. ಮಗಳು ರಶ್ಮಿತಾ ಒಂದು ಹಾಳೆ ಹಿಡಿದು ಓಡಿಬಂದಳು.

"ಅವ್ವಾ, ವ್ಯಾಪಾರ ಮುಗೀತು! ಹರಿಹರದ ಕಂಪ್ಯೂಟರು, ನಮ್ಮದು, ಎರಡೂ ಫೋನ್ ಲೈನಿನಾಗೆ ಚೌಕಾಸಿ ಮಾಡಿ ಕರಾರೂ ಬರಕೊಂಡಾವೆ."

ಹರಿಹರದ ಭತ್ತದ ವ್ಯಾಪಾರಿ ಕೆಂಚವೀರಪ್ಪನ ಅಂಗಡಿಗೂ ಇವರ ಭಟ್ಟಿಗೂ ಆ ತೊಂಬತ್ತೊಂಬತ್ತನೇ ಇಸವಿಯಲ್ಲಷ್ಟೇ ಇಂಟರ್ನೆಟ್ ಬಂದಿತ್ತು. ಕೊಳ್ಳುವವರು ತಾವು ಏರಬಲ್ಲ ದರ, ಮಾರುವವರು ತಾವು ಇಳಿಯಬಲ್ಲ ದರ ತುಂಬಿದರೆ ಸಾಕು. ನಡುವಿನ ಎಳೆದಾಟವೆಲ್ಲ ಕಂಪ್ಯೂಟರಿನದು.

ಕಸ್ತೂರಮ್ಮ ಹಾಳೆ ನೋಡಿದಳು. ಈ ದರಕ್ಕೆ ಕೆಂಚವೀರಪ್ಪನಿಗೆ ಬಿಡಿಗಾಸೂ ಉಳಿಯದು.

"ಇಷ್ಟಕ್ಕೆ ಹೆಂಗೆ ಒಪ್ಪಿದ ಮುದುಕ? ನೀ ಏನಾರ ತಪ್ಪು ಒತ್ತಿದೇನು?"

"ನೀ ಹೇಳಿದ್ದನ್ನೇ ಒತ್ತಿದ್ದು. ಕರಾರು ಅಂದ್ರೆ ಕರಾರು, ಸುಮ್ನಿರವ್ವಾ."

ಪೇಟೆಯಲ್ಲಿ ತನ್ನ ಕೊನೆಯ ದರವನ್ನು ಯಾರೂ ಯಾರ ಮುಂದೂ ಬಾಯಿಬಿಡುವುದಿಲ್ಲ. ಕಸ್ತೂರಮ್ಮ ಮಗಳಿಗೂ ತಾನು ನಿಜಕ್ಕೂ ಕೊಡಬಲ್ಲ ದರಕ್ಕಿಂತ ಒಂದು ಮೆಟ್ಟಿಲು ಇಳಿಸಿಯೇ ಹೇಳಿದ್ದಳು.

ಸಂಜೆ ಲಾರಿ ಬಂತು. ಒಳ್ಳೆಯ ಹಳೆ ಭತ್ತ. ಮಂಡಕ್ಕಿ ಮಲ್ಲಿಗೆಯಂತೆ ಅರಳುವಂಥದ್ದು. ಮರುದಿನ ಪೂಜೆಗೆ ಕೂತರೆ ಅಂಗೈಯ ಲಿಂಗದ ಮೇಲೆ ಕಣ್ಣು ನಿಲ್ಲಲೊಲ್ಲದು. ಎದ್ದವಳೇ ಹರಿಹರದ ಬಸ್ಸು ಹತ್ತಿದಳು.

"ಬರ್ರಿ ಕಸ್ತೂರಮ್ಮಾರ, ಕೂಡ್ರಿ," ಎಂದ ಕೆಂಚವೀರಪ್ಪ. "ಭತ್ತದಾಗೆ ಕಲ್ಲು ಬಂತೇನು, ಜಗಳಕ್ಕೆ ಬಂದೀರಿ?"

"ಅಣ್ಣಾರ, ಕಂಪ್ಯೂಟರಿಗೆ ನಿಜವಾದ ಕೊನೀ ರೇಟೇ ಹೇಳಿದ್ರೇನು?"

"ಮತ್ತೆ? ಮನುಷ್ಯಾರಿಗಾದ್ರೆ ಸುಳ್ಳು ಹೇಳಬೋದು, ಅವರೂ ಹೇಳ್ತಾರೆ. ಅದು ಪಾಪ, ಸುಮ್ನೆ ಕೇಳ್ತು. ಹೇಳಿಬಿಟ್ಟೆ. ನನಗೂ ಒಂದೀಟು ಉಳಿಸೀತು ಅನ್ಕೊಂಡಿದ್ದೆ."

ಕೂತಿದ್ದ ಗಿರಾಕಿಗಳಲ್ಲೊಬ್ಬ ನಕ್ಕ. "ಯಜಮಾನ್ರು ಕಂಪ್ಯೂಟರಿಗೆ ಬೀಗರ ಮರ್ಯಾದೆ ಮಾಡ್ಯಾರೆ!"

"ಒಂದು ಮಾತು ಫೋನ್ ಮಾಡಬಾರದಿತ್ತಾ?" ಎಂದಳು ಕಸ್ತೂರಮ್ಮ.

"ಯಾಕವ್ವಾ? ಕರಾರು ಆತಲ್ಲ. ಆ ಮಾತು ಬ್ಯಾಡ, ಚಾ ಕುಡೀರಿ."

ತಾನು ಬಚ್ಚಿಟ್ಟ ಆ ಒಂದು ಮೆಟ್ಟಿಲು ಈತನದು ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ಜನರೆದುರು ಕೊಟ್ಟರೆ ಆತ ಮುಟ್ಟುವವನಲ್ಲ ಎಂಬುದೂ ಗೊತ್ತಿತ್ತು. ಆತನ ಹೆಗಲ ಟವೆಲನ್ನು ಕೇಳಿ ತೆಗೆದುಕೊಂಡು ಇಬ್ಬರ ಕೈಗಳ ಮೇಲೂ ಹೊದಿಸಿದಳು. ಹಾಗೆ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು ಪೇಟೆಯ ರೂಢಿ. ಹೊಸ ವ್ಯಾಪಾರವೇನೋ ನಡೆದಿದೆಯೆಂದು ಗಿರಾಕಿಗಳು ಮರ್ಯಾದೆಗೆ ಮುಖ ತಿರುಗಿಸಿದರು. ಕಸ್ತೂರಮ್ಮ ಬೆರಳು ಹಿಡಿಯಲಿಲ್ಲ. ಮಡಿಸಿದ ನೋಟುಗಳನ್ನು ಆತನ ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಿದಳು.