ಕೆಂಪು ಪಟ್ಟಿಯ ಬಾಟಲಿ

“ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೋನ ಕೈಗೆ ಬಾಟಲಿ ಕೊಟ್ಟಿದ್ದು ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು! ಇಲಿಗಿರೋ ಬುದ್ಧಿನೂ ಇಲ್ಲ ಇವನಿಗೆ!”

ಲ್ಯಾಬಿನವರೆಲ್ಲ ನೀರಿನ ತೊಟ್ಟಿಯ ಸುತ್ತ ನಿಂತಿರುವಾಗಲೇ ಡಾಕ್ಟರು ನನ್ನನ್ನು ತೋರಿಸಿ ಹೀಗೆಂದರು.

“ಇಲಿ ಪಾಪ, ಕಾಯಿಲೆಯಿಂದ ಮರೆಯುತ್ತೆ. ಇವನಿಗೇನು ರೋಗ ಸಾರ್?” ಎಂದಳು ಸಂಶೋಧನೆ ಮಾಡುವ ಹುಡುಗಿ. ಎಲ್ಲರೂ ನಕ್ಕರು.

ಇಲಿಗೂಡು ತೊಳೆಯುವುದು, ಬಾಟಲಿ ತುಂಬಿಸಿ ಸಿಕ್ಕಿಸುವುದು ನನ್ನ ಕೆಲಸ. ಈ ಇಲಿಗಳಿಗೆ ಅಪ್ಪ ಅಮ್ಮನಿಂದಲೇ ಬಂದ ಕಾಯಿಲೆ. ತಿಂದದ್ದರಲ್ಲಿ ಒಂದಂಶ ಕರಗದೆ ರಕ್ತದಲ್ಲೇ ಉಳಿದು ಮಿದುಳನ್ನು ಮಂಕು ಮಾಡುತ್ತದೆ, ಕೂದಲಿನ ಬಣ್ಣವನ್ನೂ ಕಳೆಯುತ್ತದೆ. ಇಲಿಗಳನ್ನು ಈಜಲು ಬಿಡುವ ತೊಟ್ಟಿಯ ನೀರಿನಡಿ, ಹತ್ತಿ ನಿಲ್ಲಲು ಒಂದು ಮೆಟ್ಟಿಲಿದೆ. ಆರೋಗ್ಯವಾಗಿರುವ ಇಲಿ ಅದು ಎಲ್ಲಿದೆಯೆಂದು ನೆನಪಿಡುತ್ತದೆ. ರೋಗದ ಇಲಿ ದಿನವೂ ಹೊಸದಾಗಿ ಹುಡುಕುತ್ತದೆ. ಕೆಂಪು ಪಟ್ಟಿಯ ಬಾಟಲಿಯಲ್ಲಿ ಮದ್ದು, ಉಳಿದವುಗಳಲ್ಲಿ ಬರೀ ನೀರು. ಇವತ್ತು ಮದ್ದು ಕುಡಿದವೂ ಮೆಟ್ಟಿಲು ಸಿಗದೆ ಅಂಚಿಗಂಟಿಕೊಂಡು ಸುತ್ತಿದವು, ಕುಡಿಯದವೂ ಸುತ್ತಿದವು.

ಆದರೆ ಡಾಕ್ಟರು ದೂರಿದ ಹಾಗೆ ನಾನು ಬಾಟಲಿ ಅದಲುಬದಲು ಮಾಡಿರಲಿಲ್ಲ. ನಮ್ಮಕ್ಕನ ಮಗಳಿಗೂ ಇದೇ ರೋಗ, ಅದೇ ಬಿಳಿಚಿದ ಕೂದಲು. ಬೆಳಿಗ್ಗೆ ‘ಮಾಮ’ ಎಂದವಳು ಸಂಜೆ ನನ್ನನ್ನು ಕಂಡು ಹೊಸಬನೆಂದು ಅಳುತ್ತಾಳೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಕೆಂಪು ಪಟ್ಟಿ ನೋಡುತ್ತಿದ್ದವನು ನಾನು.

ಮತ್ತೆ ನನ್ನ ಮೇಲೇಕೆ ಗೂಬೆ? ಬೇಕೆಂದೇ ಎಲ್ಲರೆದುರು ಹೇಳಿದರೇ?

ಎಲ್ಲರೂ ಹೋದ ಮೇಲೆ ಡಾಕ್ಟರು ಹತ್ತಿರ ಬಂದರು. ದನಿಯಲ್ಲಿ ಬೆಣ್ಣೆ.

“ಬೇಜಾರ್ ಮಾಡ್ಕೋಬೇಡಪ್ಪ. ಬಾಟಲಿ ಬದಲಾಯ್ತು ಅಂತ ಒಪ್ಕೊಂಡ್ಬಿಡು. ಮದ್ದು ಸೋತಿಲ್ಲ ಅಂತಾಗುತ್ತೆ, ಮತ್ತೆ ಮೊದಲಿಂದ ಮಾಡ್ತೀವಿ. ಇಲ್ಲಾಂದ್ರೆ ಇದರ ಕಥೆ ಇವತ್ತಿಗೇ ಮುಗೀತು. ನಿಮ್ಮಕ್ಕನ ಮಗೂಗೆ ಯಾವುದು ಒಳ್ಳೇದು, ನೀನೇ ನೋಡು.”

ಮಗುವಿನ ಸಂಗತಿಯನ್ನು ನಾನಿಲ್ಲಿ ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ.

“ನಿಮಗ್ಯಾರು ಹೇಳಿದ್ರು?”

“ನಿಮ್ಮಕ್ಕನೇ ಬಂದಿದ್ಲಲ್ಲ, ಮದ್ದು ಕೊಡಿ ಅಂತ.”

“ಕೊಟ್ರಾ?”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

“ಅದಿರಲಿ. ಒಪ್ಕೋತೀಯಾ, ಇಲ್ವಾ?”

ಹೂಂ ಎಂದರೆ ಅಕ್ಕನಿಗೆ ಸುಳ್ಳು ಆಸೆ. ಊಹೂಂ ಎಂದರೆ ಆಸೆಯೇ ಇಲ್ಲ.

ಬೈಯುವ ಭರದಲ್ಲಿ ಅವರು ಮರೆತಿದ್ದ ಕೊನೆಯ ಇಲಿ ಟವೆಲಿನಲ್ಲಿ ನಡುಗುತ್ತಿತ್ತು. ಅದನ್ನು ಒರೆಸಿ ಗೂಡಿಗೆ ಬಿಟ್ಟೆ. ಅದರ ಕೆಂಪು ಪಟ್ಟಿಯ ಬಾಟಲಿಯನ್ನೇ ಸಿಕ್ಕಿಸಿದೆ.

“ಏಯ್, ಕೇಳಿದ್ದು ನಿನ್ನನ್ನೇ!”

ಕೈಗವಸು ಬಿಚ್ಚಿ ಬುಟ್ಟಿಗೆಸೆದು, ಮಗುವಿಗೆ ಆ ಮದ್ದು ಕುಡಿಸಿದ್ದಾಳೋ ಎಂದು ಕೇಳಲು ಅಕ್ಕನ ಮನೆಯ ಕಡೆ ನಡೆದುಬಿಟ್ಟೆ.